ಓದಿ ಹೇಳುವ ಕಂಪ್ಯೂಟರು: ನಮ್ಮಂಥ ಊರಿಗಾಗಿ ಹುಟ್ಟಿ, ನಮ್ಮೂರಿಗೆ ಬಾರದ ಸಿಂಪ್ಯೂಟರ್ ಕಥೆ

ಕೊಡೇಕಲ್‌ನ ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಹಳದಿ ಪಾಸ್‌ಬುಕ್ ಇದೆ. ಅಪ್ಪ ಎಮ್ಮೆ ತಗೊಳ್ಳಲು ಮಾಡಿದ ಸಾಲದ್ದು. ತಿಂಗಳಿಗೆ 500 ರೂಪಾಯಿ ಕಂತು. ವಸೂಲಿಗೆ ಬರುವವನು ಕಟ್ಟೆ ಮೇಲೆ ಕೂತು, ರೊಕ್ಕ ಎಣಿಸಿಕೊಂಡು, ಪುಸ್ತಕದಲ್ಲಿ ಏನೋ ಬರೆದು, ಸಹಿ ಹಾಕಿ ಹೋಗುತ್ತಿದ್ದ. 2007ರಲ್ಲಿ ನಾನು ಪಿಯುಸಿ ಓದುತ್ತಿದ್ದೆ. ಸಾಲ ತೀರಿತು ಅಂತ ಅಪ್ಪ ಆ ಪುಸ್ತಕ ತಂದು ನನ್ನ ಕೈಗೆ ಕೊಟ್ಟ. ಕೂಡಿಸಿ ನೋಡಿದೆ. ಮೂರು ಕಂತು ಕಮ್ಮಿ. ಆ ಮೂರು ತಿಂಗಳ ಸಾಲಿನಲ್ಲಿ ಬರೆದಿದ್ದು ಒಂದೇ ಶಬ್ದ: "ಬಾಕಿ".

ರೊಕ್ಕ ಕೊಟ್ಟಿದ್ದು ಖರೆ. ಅವ್ವ ನೋಡಿದ್ದಾಳೆ, ಪಕ್ಕದ ಮನೆಯವರು ನೋಡಿದ್ದಾರೆ. "ಅಂವ ಏನೋ ಬರದಾನಲ್ಲ, ಅದಕ್ಕ ಸುಮ್ಮನಿದ್ದೆ. ಏನ್ ಬರದಾನ ಅಂತ ನನಗೇನ್ ಗೊತ್ತಾಗ್ತದ?" ಅಂದ ಅಪ್ಪ. ಅಕ್ಷರ ಬಾರದವನಿಗೆ "ಜಮಾ" ಅಂತ ಬರೆದರೂ ಅಷ್ಟೇ, "ಬಾಕಿ" ಅಂತ ಬರೆದರೂ ಅಷ್ಟೇ. 1,500 ರೂಪಾಯಿ ಎರಡನೇ ಸಲ ಕಟ್ಟಿದೆವು. ಸಾಲ ಯಾರ ಕಡೆಯದು ಅನ್ನುವುದು ಇಲ್ಲಿ ಬೇಡ.

ಈ ಕಥೆ ನಮ್ಮ ಮನೆಯದು ಮಾತ್ರ ಅಲ್ಲ ಅಂತ ನಿಮಗೆ ಗೊತ್ತು. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ 51.83%. ರಾಜ್ಯದಲ್ಲಿ ಎಲ್ಲಕ್ಕಿಂತ ಕೆಳಗೆ. ಇಬ್ಬರಲ್ಲಿ ಒಬ್ಬರು ಹೆಚ್ಚುಕಡಿಮೆ ಅಪ್ಪನ ಹಾಗೆ, ಬೇರೆಯವರು ಬರೆದದ್ದನ್ನು ನಂಬಿ ಹೆಬ್ಬೆಟ್ಟು ಒತ್ತುವವರು.

ನಾನು ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಹಳೇ ಪೇಪರಿನ ಕಟ್ಟು ತಿರುವಿ ಹಾಕುತ್ತಿದ್ದೆ. ಅದರಲ್ಲಿ ಒಂದು ಫೋಟೊ ಕಂಡೆ. ಅಂಗೈಯಷ್ಟು ಅಗಲದ ಒಂದು ಡಬ್ಬಿ, ಮೇಲೆ ಗಾಜಿನ ಪರದೆ, ಒತ್ತಲಿಕ್ಕೆ ಒಂದು ಕಡ್ಡಿ. ಓದು ಬಾರದ ಹಳ್ಳಿಯವರಿಗೆ ಕನ್ನಡದಲ್ಲಿ ಓದಿ ಹೇಳುವ ಕಂಪ್ಯೂಟರು ಇದು ಅಂತ ಕೆಳಗೆ ಬರೆದಿತ್ತು. ಪೇಪರಿನ ತಾರೀಖು ನೋಡಿದೆ: 2001. ಅಪ್ಪನ ಪುಸ್ತಕದಲ್ಲಿ "ಬಾಕಿ" ಬೀಳುವುದಕ್ಕೂ ಎಷ್ಟೋ ವರ್ಷ ಮೊದಲು. ಅವತ್ತಿನಿಂದ ಇದರ ಬೆನ್ನು ಹತ್ತಿದ್ದೇನೆ. ಅದರ ಹೆಸರು ಸಿಂಪ್ಯೂಟರ್.

ನಮ್ಮೂರು ಕಾಲಜ್ಞಾನಕ್ಕೆ ಹೆಸರಾದ ಊರು. ಮುಂದೆ ಹೀಗಾಗುತ್ತದೆ, ಹಾಗಾಗುತ್ತದೆ ಅಂತ ಕೊಡೇಕಲ್ ಬಸವಣ್ಣನ ಹೆಸರು ಹೇಳಿ ಮಾತಾಡುವ ಹಿರಿಯರು ಈಗಲೂ ಕಟ್ಟೆ ಮೇಲೆ ಸಿಗುತ್ತಾರೆ. ಆದರೆ ನಮ್ಮ ಕೈಗೆ ಮಾತಾಡುವ ಯಂತ್ರ ಬರುತ್ತದೆ ಅಂತ ಮೊದಲು ಲೆಕ್ಕ ಹಾಕಿದ್ದು ಬೆಂಗಳೂರಿನ ಏಳು ಜನ.

ಏಳು ಜನ, ಒಂದು ಟ್ರಸ್ಟ್

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಒಂದು ಅಂತರರಾಷ್ಟ್ರೀಯ ವಿಚಾರಗೋಷ್ಠಿ ನಡೆಯಿತು. ಬಡ ದೇಶಗಳಿಗೆ ಮಾಹಿತಿ ತಂತ್ರಜ್ಞಾನದಿಂದ ಏನು ಉಪಯೋಗ ಅನ್ನುವುದು ವಿಷಯ. ಕೊನೆಗೆ ಒಂದು ಘೋಷಣೆ ಹೊರಡಿಸಿದರು. ಅದಕ್ಕೆ "ಬೆಂಗಳೂರು ಘೋಷಣೆ" ಅಂತಲೇ ಹೆಸರಾಯಿತು. ಇಂಥ ಘೋಷಣೆ ಸಾಮಾನ್ಯವಾಗಿ ಫೈಲಿಗೆ ಸೇರಿ ಮುಗಿದುಹೋಗುತ್ತದೆ. ಇದು ಹಾಗಾಗಲಿಲ್ಲ. ಗೋಷ್ಠಿಯಲ್ಲಿದ್ದ ಕೆಲವರು, ಸರಿ ಹಾಗಾದರೆ ಅಂಥ ಕಂಪ್ಯೂಟರು ಮಾಡಿಯೇಬಿಡೋಣ ಅಂತ ಕೂತರು.

ನಾಲ್ಕು ಜನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಜಾಗದ ಮೇಷ್ಟ್ರುಗಳು: ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್. ಇನ್ನು ಮೂವರು ಎನ್‌ಕೋರ್ ಸಾಫ್ಟ್‌ವೇರ್ ಅನ್ನುವ ಬೆಂಗಳೂರು ಕಂಪನಿಯವರು: ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್, ಮಾರ್ಕ್ ಮಥಾಯಸ್. 1999ರ ನವೆಂಬರಿನಲ್ಲಿ ಏಳೂ ಜನ ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಲಾಭ ಮಾಡುವ ಕಂಪನಿ ಅಲ್ಲ, ಟ್ರಸ್ಟ್. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೆಸರಿನ ಅರ್ಥ ಇಷ್ಟೇ: ಸರಳ, ಅಗ್ಗ, ಹಲವು ಭಾಷೆ ಬಲ್ಲ ಜನರ ಕಂಪ್ಯೂಟರು. ಇಂಗ್ಲಿಷಿನ ಆ ನಾಲ್ಕು ಶಬ್ದದ ಮೊದಲ ಅಕ್ಷರಗಳನ್ನು ಜೋಡಿಸಿ ಸಿಂಪ್ಯೂಟರ್ ಮಾಡಿದರು.

ಆ ಕಾಲ ಹೇಗಿತ್ತು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ನಾವು ಆಗ ಗುಲಬರ್ಗಾ ಜಿಲ್ಲೆ, ಸುರಪುರ ತಾಲೂಕು. ಊರಲ್ಲಿ ಎಸ್‌ಟಿಡಿ ಡಬ್ಬಿ ಇದ್ದರೆ ದೊಡ್ಡದು. ಮೇಜಿನ ಮೇಲಿಡುವ ಕಂಪ್ಯೂಟರಿಗೆ ಮೂವತ್ತು-ನಲವತ್ತು ಸಾವಿರ, ಅದಕ್ಕೆ ಕರೆಂಟು ಬೇಕು, ಇಂಗ್ಲಿಷು ಬೇಕು. ಕನ್ನಡ ಬೇಕು ಅಂದರೆ ಬರಹದಂಥ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಹಾಳುಮೂಳು ಕಾಣುತ್ತಿತ್ತು. ಇಂಥ ಹೊತ್ತಿನಲ್ಲಿ ಇವರು ಅಂದುಕೊಂಡಿದ್ದು 9,000 ರೂಪಾಯಿಯ ಒಳಗೆ ಒಂದು ಕಂಪ್ಯೂಟರು.

ಡಬ್ಬಿಯೊಳಗೆ ಏನಿತ್ತು

2001ರ ಏಪ್ರಿಲಿನಲ್ಲಿ ಮಾದರಿ ಯಂತ್ರವನ್ನು ಬೆಂಗಳೂರಿನಲ್ಲಿ ತೋರಿಸಿದರು. ಒಳಗೆ ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಚಿಪ್, ವೇಗ 206 ಮೆಗಾಹರ್ಟ್ಸ್. ಇವತ್ತು ನೀವು ಇದನ್ನು ಓದುತ್ತಿರುವ ಅಗ್ಗದ ಫೋನೂ ಅದಕ್ಕಿಂತ ಎಷ್ಟೋ ಪಟ್ಟು ಜೋರು. ಪರದೆ 320 ಚುಕ್ಕಿ ಉದ್ದ, 240 ಚುಕ್ಕಿ ಅಗಲ. ಒಳಗಿನ ವ್ಯವಸ್ಥೆ ಲಿನಕ್ಸ್. ಯಾರೂ ದುಡ್ಡು ಕೊಡಬೇಕಿಲ್ಲದ, ಜಗತ್ತಿನ ಸಾವಿರಾರು ಜನ ಸೇರಿ ಬರೆದ ತಂತ್ರಾಂಶ ಅದು. ವಿಂಡೋಸ್ ಹಾಕಿದ್ದರೆ ಅದರ ಲೈಸೆನ್ಸಿನ ದುಡ್ಡೂ ಬೆಲೆಗೆ ಸೇರುತ್ತಿತ್ತು.

ಯಂತ್ರಕ್ಕಿಂತ ನನಗೆ ಹಿಡಿಸಿದ್ದು ಅದರ ಹಿಂದಿನ ಎರಡು ಲೆಕ್ಕ.

ಒಂದು, ಸ್ಮಾರ್ಟ್ ಕಾರ್ಡ್. ಈಗಿನ ಎಟಿಎಂ ಕಾರ್ಡಿನ ಮೇಲೆ ಬಂಗಾರದ ಬಣ್ಣದ ಚಿಪ್ ಇರುತ್ತದಲ್ಲ, ಅಂಥದ್ದು. ಒಂಬತ್ತು ಸಾವಿರ ಅಂದರೂ ಕೂಲಿಯವನಿಗೆ ದೊಡ್ಡ ದುಡ್ಡೇ ಅಂತ ಅವರಿಗೆ ಗೊತ್ತಿತ್ತು. ಆದ್ದರಿಂದ ಯಂತ್ರ ಊರಿಗೆ ಒಂದು ಸಾಕು. ಪಂಚಾಯಿತಿಯಲ್ಲೋ ಸಾಲೆಯಲ್ಲೋ ಕಿರಾಣಿ ಅಂಗಡಿಯಲ್ಲೋ ಇರಲಿ. ಕಾರ್ಡು ಮಾತ್ರ ಮನುಷ್ಯನಿಗೆ ಒಂದೊಂದು. ನೀವು ಹೋಗಿ ನಿಮ್ಮ ಕಾರ್ಡು ತೂರಿಸಿದರೆ ಅಷ್ಟು ಹೊತ್ತು ಅದು ನಿಮ್ಮ ಕಂಪ್ಯೂಟರು. ಕಾರ್ಡು ತೆಗೆದರೆ ನಿಮ್ಮ ಲೆಕ್ಕ ನಿಮ್ಮ ಜೇಬಿಗೆ. ಊರಿಗೊಂದು ಗಿರಣಿ ಇದ್ದ ಹಾಗೆ: ಗಿರಣಿ ಒಬ್ಬನದು, ಜೋಳ ಅವರವರದು.

ಎರಡು, ಧ್ವನಿ. ಇದು ಒಂದು ತಂತ್ರಾಂಶದ ಹೆಸರು, ರಮೇಶ್ ಹರಿಹರನ್ ಅವರು ಶುರು ಮಾಡಿದ್ದು. ಮೊದಲು ಬಂದಿದ್ದು ಹಿಂದಿ ಮತ್ತು ಕನ್ನಡ. ಇದರ ಉಪಾಯ ನೋಡಿ. ಇಂಗ್ಲಿಷಿನಲ್ಲಿ ಬರೆಯುವುದು ಒಂದು, ಅನ್ನುವುದು ಇನ್ನೊಂದು. ನಮ್ಮಲ್ಲಿ ಹಾಗಿಲ್ಲ, ಬರೆದಂತೆ ಓದು. "ಕ" ಅಂದರೆ ಕ, "ಕಿ" ಅಂದರೆ ಕಿ. ಒಬ್ಬ ಮನುಷ್ಯನ ದನಿಯಲ್ಲಿ ಇಂಥ ಸಣ್ಣ ಸಣ್ಣ ತುಣುಕು ರೆಕಾರ್ಡು ಮಾಡಿಟ್ಟುಕೊಂಡರೆ, ಬರೆದದ್ದನ್ನು ನೋಡುತ್ತ ಒಂದಾದ ಮೇಲೆ ಒಂದು ಪೋಣಿಸಿ ನುಡಿಸಬಹುದು. ಒಂದನೇ ಈಯತ್ತೆಯ ಹುಡುಗ ಕಾಗುಣಿತ ಕೂಡಿಸಿ ಓದಿದ ಹಾಗೆ. ದನಿಯಲ್ಲಿ ಏರಿಳಿತ ಇಲ್ಲ, ಯಂತ್ರ ಮಾತಾಡಿದ ಹಾಗೇ ಇರುತ್ತದೆ. ಆದರೆ "ಬಾಕಿ" ಅಂತ ಬರೆದಿದ್ದರೆ "ಬಾಕಿ" ಅಂತಲೇ ಅನ್ನುತ್ತದೆ. ಅಷ್ಟು ಸಾಕಿತ್ತು ನಮಗೆ.

ಅಕ್ಷರ ಬಾರದವರು ಯಂತ್ರ ಮುಟ್ಟಲಿ ಅಂತ ಪರದೆಯ ಮೇಲೆ ಚಿತ್ರಗಳು. ಬರೆಯಲು ಬರುವವರು ಕಡ್ಡಿಯಿಂದ ಗೀರಿದರೆ ಅಕ್ಷರ ಗುರುತಿಸುವ ತಂತ್ರಾಂಶವೂ ಇತ್ತು.

ಬಾಗಿಲು ತೆರೆದಿಟ್ಟ ನಕ್ಷೆ

ಈಗ ಟ್ರಸ್ಟಿನ ಮಾತಿಗೆ ಬರುತ್ತೇನೆ. ತಂತ್ರಾಂಶ ಎಲ್ಲರಿಗೂ ಬಿಟ್ಟುಕೊಡುವವರು ಜಗತ್ತಿನಲ್ಲಿ ಆಗಲೇ ಬಹಳ ಜನ ಇದ್ದರು. ಇವರು ಯಂತ್ರದ ನಕ್ಷೆಯನ್ನೇ ಬಿಟ್ಟುಕೊಟ್ಟರು. ಯಾವ ಚಿಪ್ ಎಲ್ಲಿ ಕೂಡಬೇಕು, ಯಾವ ತಂತಿ ಎಲ್ಲಿಗೆ ಹೋಗಬೇಕು ಅನ್ನುವುದೆಲ್ಲ. ಅದಕ್ಕಾಗಿ ಒಂದು ಲೈಸೆನ್ಸನ್ನೂ ಬರೆದರು. ಅದರ ಸಾರ ಹೀಗೆ: ನಕ್ಷೆ ತಗೊಳ್ಳಿ, ತಿದ್ದಿ, ಮಾಡಿ, ಮಾರಿ. ಮಾರುವವರು ಟ್ರಸ್ಟಿಗೆ ಶುಲ್ಕ ಕೊಡಿ. ನೀವು ಮಾಡಿದ ತಿದ್ದುಪಡಿಯನ್ನು ಸ್ವಲ್ಪ ಕಾಲ ನಿಮ್ಮಲ್ಲಿಟ್ಟುಕೊಂಡು ಲಾಭ ಮಾಡಿಕೊಳ್ಳಿ, ಆಮೇಲೆ ಎಲ್ಲರಿಗೂ ತೋರಿಸಿ.

ಇಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಆರ್ಡುಯಿನೊ ಬೋರ್ಡು ಇಟ್ಟುಕೊಂಡು ಆಟ ಆಡುತ್ತಾರೆ. ನಕ್ಷೆ ಬಿಚ್ಚಿಟ್ಟ ಆ ಬೋರ್ಡು ಇಟಲಿಯಲ್ಲಿ ಬಂದಿದ್ದು 2005ರಲ್ಲಿ. ರಾಸ್ಪ್‌ಬೆರಿ ಪೈ ಅನ್ನುವ, ಕಾರ್ಡಿನಷ್ಟು ಅಗಲದ, 35 ಡಾಲರಿನ ಕಂಪ್ಯೂಟರು ಇಂಗ್ಲೆಂಡಿನಿಂದ ಬಂದಿದ್ದು 2012ರ ಫೆಬ್ರವರಿಯಲ್ಲಿ. ಮನೆಯಲ್ಲೇ ಸಣ್ಣ ಕಂಪ್ಯೂಟರು ಜೋಡಿಸುವವರ ಗುಂಪು ಜಗತ್ತಿನ ತುಂಬ ಬೆಳೆದದ್ದು ಇಂಥವುಗಳ ಸುತ್ತ. 2001ರಲ್ಲಿ ಸಣ್ಣ ಕಂಪ್ಯೂಟರಿನ ಹುಚ್ಚು ಆಗಷ್ಟೇ ಶುರುವಾಗುತ್ತಿತ್ತು. ತೈವಾನಿನ ವಿಐಎ ಕಂಪನಿ 17 ಸೆಂಟಿಮೀಟರ್ ಚೌಕದ ಬೋರ್ಡು ತಂದಿತ್ತು. ಅದನ್ನು ಹಳೇ ರೇಡಿಯೊ ಡಬ್ಬಿಯಲ್ಲಿ, ಆಟಿಕೆಯಲ್ಲಿ ತುಂಬಿ ಖುಷಿಪಡುವ ಹವ್ಯಾಸಿಗಳು ಅಲ್ಲಿದ್ದರು. ಬೆಂಗಳೂರಿನವರದು ಹವ್ಯಾಸ ಅಲ್ಲ. ಅವರ ಕಣ್ಣ ಮುಂದೆ ಇದ್ದದ್ದು ನಮ್ಮಪ್ಪನಂಥವರು. ನನಗೆ ದೊಡ್ಡದು ಅನಿಸುವುದು ಅದೇ.

ಹೊರದೇಶದವರೂ ಗಮನಿಸಿದರು. 2001ರ ಕೊನೆಗೆ ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಸಂಚಿಕೆಯಲ್ಲಿ, ಆ ವರ್ಷದ ಮುಖ್ಯ ಕಂಪ್ಯೂಟರು ದೊಡ್ಡ ಕಂಪನಿಗಳ ಯಾವುದೂ ಅಲ್ಲ, ಸಿಂಪ್ಯೂಟರ್ ಅಂತ ಬರೆದ. ಹೆಸರೇನೋ ಬಂತು. ಯಂತ್ರ ಎಲ್ಲಿ?

ಯಂತ್ರ ಬಂತು, ಊರಿಗಲ್ಲ

ಮಾದರಿ ತೋರಿಸಿದ್ದಕ್ಕೂ ಅಂಗಡಿಗೆ ಬಂದದ್ದಕ್ಕೂ ನಡುವೆ ಮೂರು ವರ್ಷ ಹೋಯಿತು. ಟ್ರಸ್ಟು ತಾನೇ ಯಂತ್ರ ಮಾಡುವಂತಿಲ್ಲ, ಲೈಸೆನ್ಸ್ ಪಡೆದವರು ಮಾಡಬೇಕು. ಪಡೆದವರು ಇಬ್ಬರು. ಒಂದು ಎನ್‌ಕೋರ್. ಇನ್ನೊಂದು, ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳೇ ಕಟ್ಟಿದ ಪಿಕೊಪೆಟಾ. ಅಂದರೆ ನಕ್ಷೆ ಬಿಚ್ಚಿಟ್ಟವರೇ ತಿರುಗಿ ಬಂದು ತಗೊಂಡ ಹಾಗಾಯಿತು. ಹೊರಗಿನವರು ಸಾಲುಗಟ್ಟಿ ಬರುತ್ತಾರೆ ಅಂದುಕೊಂಡಿದ್ದರು, ಬರಲಿಲ್ಲ. ಬಾಗಿಲು ತೆರೆದಿಟ್ಟರೆ ಸಾಲದು, ಒಳಗೆ ಬಂದವನ ಕೈಯಲ್ಲಿ ಕಾರ್ಖಾನೆಯೂ ಇರಬೇಕಲ್ಲ. ಯಂತ್ರದ ನಕ್ಷೆ ತಂತ್ರಾಂಶದ ಹಾಗಲ್ಲ. ನಕಲು ಮಾಡಲು ಚಿಪ್ ಕೊಳ್ಳಬೇಕು, ಅಚ್ಚು ಹಾಕಬೇಕು.

2004ರಲ್ಲಿ ಪಿಕೊಪೆಟಾದ "ಅಮಿಡಾ ಸಿಂಪ್ಯೂಟರ್" ಬಂತು. ತಯಾರಿಸಿದ್ದು ಬೆಂಗಳೂರಿನ ಬಿಇಎಲ್, ಸೈನ್ಯಕ್ಕೆ ರೇಡಾರು ಮಾಡಿಕೊಡುವ ಸರಕಾರಿ ಕಾರ್ಖಾನೆ. ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರು, ಬಣ್ಣದ ಪರದೆಯದಕ್ಕೆ ಇಪ್ಪತ್ತು ಸಾವಿರದ ಹತ್ತಿರ. ಅದರಲ್ಲಿ ಒಂದು ಚಂದದ ಸಂಗತಿ ಇತ್ತು: ಯಂತ್ರವನ್ನು ಕೈಯಲ್ಲಿ ಓರೆ ಮಾಡಿದರೆ ಅದಕ್ಕೆ ಗೊತ್ತಾಗುತ್ತಿತ್ತು. ಈಗ ಫೋನು ಅಡ್ಡ ಹಿಡಿದರೆ ವಿಡಿಯೊ ಅಡ್ಡ ಆಗುತ್ತದಲ್ಲ, ಅದೇ ಜಾತಿಯ ಅಂಗ. ಐಫೋನ್ ಬಂದಿದ್ದು ಅದಾಗಿ ಮೂರು ವರ್ಷಕ್ಕೆ, 2007ರಲ್ಲಿ.

ಎಲ್ಲೆಲ್ಲಿ ಬಳಸಿದರು ಅಂತ ಕೇಳಿದರೆ ಪಟ್ಟಿ ಚಿಕ್ಕದಲ್ಲ. ಕರ್ನಾಟಕ ಸರಕಾರ ಭೂದಾಖಲೆ ಕೆಲಸಕ್ಕೆ ಪ್ರಯೋಗ ಮಾಡಿತು. ಛತ್ತೀಸಗಡದಲ್ಲಿ ಸಾಲೆ ಮಕ್ಕಳ ಕೈಗೆ ಕೊಟ್ಟರು. ಗೋವಾದಲ್ಲಿ ಗಣಿಯಿಂದ ಹಡಗಿಗೆ ಹೋಗುವ ಅದಿರಿನ ಲೆಕ್ಕಕ್ಕೆ, ಮುಂಬಯಿಯಲ್ಲಿ ಗಾಡಿಯ ಎಂಜಿನ್ ತಪಾಸಣೆಗೆ, ಮುಂದೆ ಟ್ರಾಫಿಕ್ ಪೊಲೀಸರು ದಂಡದ ಚೀಟಿ ಕೊಡಲು. ಮೈಸೂರು ಕಡೆ ಸಂಘಮಿತ್ರ ಅನ್ನುವ ಕಿರುಸಾಲ ಸಂಸ್ಥೆಯೂ ಬಳಸಿ ನೋಡಿತು. ನಮ್ಮಪ್ಪನ ಸಾಲ ಅವರದಲ್ಲ. ಅವರ ಕೆಲಸದ ಸುದ್ದಿ ಓದಿದಾಗ ನನಗೆ ಹೊಟ್ಟೆ ಚುರ್ ಅಂದಿದ್ದು ಅದಕ್ಕೇ. ಹಳ್ಳಿ ಸಾಲದ ಲೆಕ್ಕಕ್ಕೆ ಈ ಯಂತ್ರ ಇದೇ ರಾಜ್ಯದಲ್ಲಿ ಕೂತು ಕೆಲಸ ಮಾಡಿದೆ, ನಮ್ಮ ಕಟ್ಟೆಗೆ ಮಾತ್ರ ಬರಲಿಲ್ಲ.

ಪಟ್ಟಿ ಮತ್ತೊಮ್ಮೆ ಓದಿ. ಪೊಲೀಸು, ಗಣಿ, ಗಾಡಿ ಕಂಪನಿ. ಓದು ಬಾರದ ರೈತನಿಗಾಗಿ ಹುಟ್ಟಿದ ಯಂತ್ರ ಕೊನೆಗೆ ಹೆಚ್ಚು ಸಿಕ್ಕಿದ್ದು ಓದು ಬಂದವರ ಕೈಗೆ. ಮಾರಾಟ ಕೆಲವು ಸಾವಿರದ ಆಚೆ ದಾಟಲಿಲ್ಲ. 2006ರ ಹೊತ್ತಿಗೆ ಪಿಕೊಪೆಟಾವನ್ನು ಜಿಯೊಡೆಸಿಕ್ ಅನ್ನುವ ಕಂಪನಿ ಕೊಂಡುಕೊಂಡಿತು.

501 ರೂಪಾಯಿ

ಯಾಕೆ ಹೀಗಾಯಿತು? ಲಕ್ಷಗಟ್ಟಲೆ ಮಾಡಿದರೆ ಬೆಲೆ ಇಳಿಯುತ್ತಿತ್ತು, ಬೆಲೆ ಇಳಿದರೆ ಲಕ್ಷಗಟ್ಟಲೆ ಹೋಗುತ್ತಿತ್ತು. ಮೊದಲ ದೊಡ್ಡ ಆರ್ಡರು ಕೊಡುವವರು ಬೇಕಿತ್ತು. ಸರಕಾರಗಳು ಹೊಗಳಿದವು, ಪ್ರಯೋಗ ಮಾಡಿದವು, ದೊಡ್ಡ ಆರ್ಡರು ಕೊಡಲಿಲ್ಲ. ಇದು ಎಲ್ಲರೂ ಹೇಳುವ ಕಾರಣ. ಅದು ಸರಿಯೇ.

ನನಗೆ ಇನ್ನೊಂದು ಕಾರಣ ಕಾಣುತ್ತದೆ. ನಮ್ಮ ಕಡೆ ಮುಂಗಾರು ಕೈಕೊಟ್ಟರೆ ಅರ್ಧ ಊರು ಬೆಂಗಳೂರು, ಪುಣೆ, ಗೋವಾ, ಮುಂಬಯಿ ಅಂತ ದುಡಿಯಲು ಹೋಗುತ್ತದೆ. ಕಾಲುವೆ ನೀರು ಬಂದ ಹೊಲದವರು ಉಳಿಯುತ್ತಾರೆ, ಬಾರದವರು ಗಂಟುಮೂಟೆ ಕಟ್ಟುತ್ತಾರೆ. ಅವ್ವಂದಿರಿಗೆ ಮೊದಲು ಬೇಕಾದದ್ದು ಓದುವ ಯಂತ್ರ ಅಲ್ಲ, ಮಗನ ದನಿ. ಸಿಂಪ್ಯೂಟರ್ ಕನ್ನಡ ಮಾತಾಡುತ್ತಿತ್ತು, ಆದರೆ ಮಗನ ಜತೆ ಮಾತಾಡಿಸುವುದಕ್ಕೆ ಹುಟ್ಟಿದ್ದಲ್ಲ. 2003ರ ಮೇ ತಿಂಗಳಿನಿಂದ ಮೊಬೈಲಿಗೆ ಒಳಬರುವ ಕರೆ ಪುಕ್ಕಟೆ ಆಯಿತು. ಅದೇ ಜುಲೈನಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿದರೆ ಫೋನು ಅಂತ ಕೊಟ್ಟಿತು. ಅದೇ ವರ್ಷ ನೋಕಿಯಾ 1100 ಬಂತು, ತುದಿಗೆ ಬ್ಯಾಟರಿ ಲೈಟು ಇದ್ದದ್ದು. ಕರೆಂಟು ಹೋದ ಮನೆಗೆ ಆ ಲೈಟೊಂದೇ ಸಾಕಾಗಿತ್ತು. ಸಿಂಪ್ಯೂಟರ್ ಅಂಗಡಿಗೆ ಬರುವ ಹೊತ್ತಿಗೆ ಹಳ್ಳಿಯ ಜೇಬಿನ ಜಾಗ ತುಂಬಿಹೋಗಿತ್ತು.

ಹಳ್ಳಿಗೆ ಅಗ್ಗದ ಕಂಪ್ಯೂಟರು ಅನ್ನುವ ಮಾತು ಅಲ್ಲಿಗೆ ನಿಲ್ಲಲಿಲ್ಲ. 2005ರಲ್ಲಿ ಅಮೆರಿಕದ ನಿಕೊಲಸ್ ನೆಗ್ರೊಪಾಂಟೆ ಮಕ್ಕಳಿಗೆ 100 ಡಾಲರಿನ ಲ್ಯಾಪ್‌ಟಾಪ್ ಅಂದ. 2011ರ ಅಕ್ಟೋಬರಿನಲ್ಲಿ ದಿಲ್ಲಿಯಲ್ಲಿ ಆಕಾಶ್ ಟ್ಯಾಬ್ಲೆಟ್ ಬಂತು. ಅವುಗಳ ಕಥೆಯೂ ಹೆಚ್ಚುಕಡಿಮೆ ಹೀಗೇ. ಕೊನೆಗೆ ಊರೂರಿಗೆ ಕಂಪ್ಯೂಟರು ತಂದದ್ದು ಲಿನಕ್ಸ್ ಮೇಲೆಯೇ ಕಟ್ಟಿದ ಆಂಡ್ರಾಯ್ಡ್ ಫೋನು, ಮತ್ತೆ 2016ರ ಸೆಪ್ಟೆಂಬರಿನಲ್ಲಿ ಜಿಯೊ ಕೊಟ್ಟ ಪುಕ್ಕಟೆ ಇಂಟರ್ನೆಟ್ಟು. ಅದರಲ್ಲೂ ಮೊದಮೊದಲು ಕನ್ನಡ ಅಂದರೆ ಸಾಲು ಸಾಲು ಚೌಕ ಡಬ್ಬಿ. ನಾನು ಸುದ್ದಿ ಕಳಿಸಲು ಹುಣಸಗಿಯ ಟೈಪಿಂಗ್ ಅಂಗಡಿಗೆ ಹೋಗಿ ಕೂಡುತ್ತಿದ್ದ ದಿನಗಳವು.

ಉಳಿದದ್ದು

ಯಂತ್ರ ಮುಗಿಯಿತು ಅಂದರೆ ಎಲ್ಲ ಮುಗಿಯಲಿಲ್ಲ. ಧ್ವನಿ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರಲ್ಲ, ಅದನ್ನು ಕೇರಳದ ಸಂತೋಷ್ ತೋಟ್ಟಿಂಗಲ್ ಅನ್ನುವ ಎಂಜಿನಿಯರ್ ಕೈಗೆತ್ತಿಕೊಂಡರು. ಮಲಯಾಳಕ್ಕಾಗಿ ದುಡಿಯುವ ಸ್ವತಂತ್ರ ತಂತ್ರಾಂಶ ಬಳಗದವರು ಅವರು. ಹಿಂದಿ-ಕನ್ನಡಕ್ಕೆ ಶುರುವಾಗಿದ್ದು ಮಲಯಾಳ, ತಮಿಳು, ತೆಲುಗು, ಬಂಗಾಳಿ ಅಂತ ಹತ್ತಾರು ಭಾಷೆಗೆ ಬೆಳೆಯಿತು. ಸಂಬಳ ಕೊಟ್ಟು ಮಾಡಿಸಿದ ಕೆಲಸ ಅಲ್ಲ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದದ್ದು. ಯಂತ್ರದ ನಕ್ಷೆಗೆ ಹುಟ್ಟದ ಬಳಗ ಅದರ ದನಿಗೆ ಹುಟ್ಟಿತು. ನಕಲು ಮಾಡಲು ಕಾರ್ಖಾನೆ ಬೇಡ, ಒಂದು ಕಂಪ್ಯೂಟರು ಮತ್ತು ರಾತ್ರಿ ನಿದ್ದೆಗೆಡುವ ಮನಸ್ಸು ಸಾಕಿತ್ತು.

ಇವತ್ತು ನಮ್ಮ ಫೋನಿನಲ್ಲಿ ಕನ್ನಡ ಓದಿ ಹೇಳುವ ದನಿ ಧ್ವನಿಯದಲ್ಲ, ಗೂಗಲ್‌ನವರು ಬೇರೆ ಮಾಡಿಕೊಂಡದ್ದು. ಆದರೆ ಕನ್ನಡ ಬರೆದದ್ದನ್ನು ಯಂತ್ರದ ಬಾಯಲ್ಲಿ ಓದಿಸಬೇಕು, ಅದು ಬಡವನ ಕೈಯಲ್ಲಿರಬೇಕು ಅಂತ ಇಲ್ಲಿ ಮೊದಲು ಹಟ ಹಿಡಿದವರಲ್ಲಿ ಇವರಿದ್ದಾರೆ.

ಹೋದ ತಿಂಗಳು ಅಪ್ಪನ ಫೋನಿಗೆ ಕನ್ನಡದಲ್ಲಿ ಒಂದು ಮೆಸೇಜು ಬಂತು. ಅಣ್ಣನ ಮಗಳು ಐದನೇ ಈಯತ್ತೆ. "ತಾತಾ, ಇಲ್ಲಿ ಒತ್ತು, ಅದ ಓದ್ತದ" ಅಂದಳು. ಅಪ್ಪ ಒತ್ತಿದ. ಫೋನು ಓದಿತು. ಎರಡು ಸಲ ಕೇಳಿಸಿಕೊಂಡು ಅಪ್ಪ ಎದ್ದು ಒಳಗೆ ಹೋದ. ಟ್ರಂಕು ತೆಗೆದ ಸಪ್ಪಳ ಕೇಳಿತು. ಹಳದಿ ಪುಸ್ತಕ ತಂದು ಫೋನಿನ ಮುಂದೆ ಹಿಡಿದು "ಇದನ್ನೂ ಓದಸವ್ವ" ಅಂದ.

ಕ್ಯಾಮೆರಾ ಹಿಡಿದು ನೋಡಿದೆವು. ಅಚ್ಚು ಹಾಕಿದ ಶಬ್ದಗಳನ್ನೆಲ್ಲ ಫೋನು ಓದಿತು: ಹೆಸರು, ದಿನಾಂಕ, ಕಂತು, ಸಹಿ. ವಸೂಲಿಯವನ ಕೈಬರಹ ಮಾತ್ರ ಅದಕ್ಕೆ ಗೊತ್ತಾಗಲಿಲ್ಲ. ಆ ಮೂರು ಸಾಲುಗಳನ್ನು ಮೊಮ್ಮಗಳೇ ಬೆರಳಿಟ್ಟು ಓದಿದಳು.